ಗಡಿಯಾರ ಬದಲಾಗುವ ವಾರಗಳಲ್ಲಿ ಕಚೇರಿಯ ಹಂಚಿಕೆಯ ಕ್ಯಾಲೆಂಡರನ್ನು ನಿಭಾಯಿಸುವ ಕ್ರಮ

ಬೆಂಗಳೂರಿನಲ್ಲಿ ಕುಳಿತು ನ್ಯೂಯಾರ್ಕ್ ಮತ್ತು ಲಂಡನ್ ತಂಡಗಳ ಜೊತೆ ಕೆಲಸ ಮಾಡುವವರಿಗೆ ವರ್ಷದಲ್ಲಿ ಎರಡು ಸಲ ಒಂದೇ ತೊಂದರೆ ಬರುತ್ತದೆ. ಮಾರ್ಚ್ ತಿಂಗಳ ಒಂದು ಸೋಮವಾರ ಸಂಜೆ ಮೀಟಿಂಗ್‌ಗೆ ಹೋದರೆ ಕೆಲವರು ಆಗಲೇ ಮುಗಿಸಿ ಹೊರಟಿರುತ್ತಾರೆ, ಕೆಲವರು ಇನ್ನೂ ಬಂದಿರುವುದಿಲ್ಲ. ಕ್ಯಾಲೆಂಡರ್ ಕೆಟ್ಟಿದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ನಾನು ನೋಡಿದ ಪ್ರಕರಣಗಳಲ್ಲಿ ತಂತ್ರಾಂಶ ತಪ್ಪಿದ್ದು ಬಹಳ ಕಡಿಮೆ; ಆ ಮೀಟಿಂಗ್ ಯಾವ ಊರಿನ ಗಡಿಯಾರವನ್ನು ಅನುಸರಿಸಬೇಕು ಎಂಬುದನ್ನು ಯಾರೂ ತೀರ್ಮಾನಿಸದೇ ಬಿಟ್ಟದ್ದೇ ಹೆಚ್ಚಿನ ಸಲ ಕಾರಣವಾಗಿತ್ತು. ಆದ್ದರಿಂದ ಕೆಳಗಿನ ಹಂತಗಳನ್ನು ಕೊಟ್ಟ ಕ್ರಮದಲ್ಲಿಯೇ ಮಾಡಬೇಕು. ಮೂರನೆಯ ಹಂತದಿಂದ ಆರಂಭಿಸಿದವರು ಸಾಮಾನ್ಯವಾಗಿ ಮೊದಲಿನದಕ್ಕಿಂತ ದೊಡ್ಡ ಗೊಂದಲ ಮಾಡಿಕೊಂಡು ಮತ್ತೆ ಮೊದಲನೆಯ ಹಂತಕ್ಕೆ ಬರುತ್ತಾರೆ.

ಆರಂಭಿಸುವ ಮುನ್ನ ಬೇಕಾದವು

ಹಂಚಿಕೆಯ ಕ್ಯಾಲೆಂಡರಿನಲ್ಲಿ ನಿಮಗೆ ತಿದ್ದುವ ಅಧಿಕಾರ ಇರಬೇಕು; ನೋಡುವ ಅಧಿಕಾರ ಮಾತ್ರ ಇದ್ದರೆ ನಿರ್ವಾಹಕರಿಂದ ಮೊದಲೇ ಕೇಳಿ ಪಡೆಯಿರಿ. ಒಂದು ಸ್ಪ್ರೆಡ್‌ಶೀಟ್, ಪ್ರತಿ ಶಾಖೆಯ ಮಾನವ ಸಂಪನ್ಮೂಲ ವಿಭಾಗ ಅಧಿಕೃತವಾಗಿ ಹೊರಡಿಸಿದ ವರ್ಷದ ರಜಾ ಪಟ್ಟಿ, ಮತ್ತು ಪ್ರತಿ ಊರಿನಲ್ಲಿ ಹತ್ತು ನಿಮಿಷ ಬಿಡುವು ಕೊಡಬಲ್ಲ ಒಬ್ಬ ಸಹೋದ್ಯೋಗಿ, ಇಷ್ಟಿದ್ದರೆ ಸಾಕು. ರಜೆಗಳ ಕೆಲಸವನ್ನು ಮಾತ್ರ ಡಿಸೆಂಬರ್‌ನಲ್ಲಿ ಮುಗಿಸಿ, ಮೂರನೆಯ ಹಂತದ ನಂತರ ಇನ್ನೊಮ್ಮೆ ನೋಡಬೇಕು. ಗಡಿಯಾರದ ಕೆಲಸವನ್ನು ಬದಲಾವಣೆಗೆ ಎರಡು ವಾರ ಮೊದಲು ಆರಂಭಿಸಬೇಕು. ಹಿಂದಿನ ಶುಕ್ರವಾರ ಆರಂಭಿಸಿದರೆ ಅಮೆರಿಕದವರ ಉತ್ತರ ನಿಮಗೆ ಶನಿವಾರ ಬರುತ್ತದೆ, ಅಷ್ಟರಲ್ಲಿ ನಿಮ್ಮ ಕಚೇರಿ ಮುಚ್ಚಿರುತ್ತದೆ.

ಹಂತ 1: ಬದಲಾವಣೆಯ ದಿನಾಂಕಗಳನ್ನು ಬರೆದಿಡಿ

ಭಾರತದಲ್ಲಿ ಡೇಲೈಟ್ ಸೇವಿಂಗ್, ಅಂದರೆ ಬೇಸಿಗೆಯ ತಿಂಗಳುಗಳಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ‘ಬೇಸಿಗೆ ಸಮಯ’ದ ಪದ್ಧತಿ, ಇಲ್ಲ. ನಮ್ಮ ಗಡಿಯಾರ ವರ್ಷವಿಡೀ ಜಾಗತಿಕ ಪ್ರಮಾಣ ಸಮಯಕ್ಕಿಂತ 5 ಗಂಟೆ 30 ನಿಮಿಷ ಮುಂದಿರುತ್ತದೆ. ಸಿಂಗಾಪುರ, ದುಬೈ, ಜಪಾನ್‌ಗಳಲ್ಲಿಯೂ ಇಲ್ಲ. ಬದಲಾಗುವುದು ಎದುರಿನವರ ಗಡಿಯಾರ, ಮತ್ತು ಅವರೆಲ್ಲರದೂ ಒಂದೇ ದಿನ ಬದಲಾಗುವುದಿಲ್ಲ.

ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಬೇಸಿಗೆ ಸಮಯ ಆರಂಭವಾಗಿ ನವೆಂಬರ್‌ನ ಮೊದಲ ಭಾನುವಾರ ಮುಗಿಯುತ್ತದೆ. ಬ್ರಿಟನ್ ಮತ್ತು ಯುರೋಪ್ ಒಕ್ಕೂಟದ ದೇಶಗಳಲ್ಲಿ ಮಾರ್ಚ್‌ನ ಕೊನೆಯ ಭಾನುವಾರ ಆರಂಭವಾಗಿ ಅಕ್ಟೋಬರ್‌ನ ಕೊನೆಯ ಭಾನುವಾರ ಮುಗಿಯುತ್ತದೆ. 2026ರಲ್ಲಿ ಇವು ಅಮೆರಿಕಕ್ಕೆ ಮಾರ್ಚ್ 8 ಮತ್ತು ನವೆಂಬರ್ 1, ಯುರೋಪಿಗೆ ಮಾರ್ಚ್ 29 ಮತ್ತು ಅಕ್ಟೋಬರ್ 25. 2027ರಲ್ಲಿ ಅಮೆರಿಕಕ್ಕೆ ಮಾರ್ಚ್ 14 ಮತ್ತು ನವೆಂಬರ್ 7, ಯುರೋಪಿಗೆ ಮಾರ್ಚ್ 28 ಮತ್ತು ಅಕ್ಟೋಬರ್ 31. ಸಿಡ್ನಿ ಮತ್ತು ಮೆಲ್ಬರ್ನ್‌ಗಳಲ್ಲಿ ಋತುಗಳು ತಿರುವುಮುರುವಾಗಿರುವುದರಿಂದ ಬೇಸಿಗೆ ಸಮಯ ಅಕ್ಟೋಬರ್‌ನ ಮೊದಲ ಭಾನುವಾರ ಆರಂಭವಾಗಿ ಏಪ್ರಿಲ್‌ನ ಮೊದಲ ಭಾನುವಾರ ಮುಗಿಯುತ್ತದೆ.

ದೇಶದ ಹೆಸರು ಬರೆದು ಸುಮ್ಮನಾಗಬೇಡಿ, ಊರಿನ ಹೆಸರು ಬರೆಯಿರಿ. ಅರಿಜೋನಾದ ಫೀನಿಕ್ಸ್‌ನಲ್ಲಿ ಗಡಿಯಾರ ಬದಲಾಗುವುದಿಲ್ಲ; ಆಸ್ಟ್ರೇಲಿಯದ ಬ್ರಿಸ್ಬೇನ್ ಮತ್ತು ಪರ್ತ್‌ಗಳಲ್ಲಿಯೂ ಬದಲಾಗುವುದಿಲ್ಲ. ಕಳೆದ ವರ್ಷದ ಪಟ್ಟಿಯನ್ನು ನಕಲು ಮಾಡುವುದೂ ಅಪಾಯಕಾರಿ, ಏಕೆಂದರೆ ನಿಯಮಗಳನ್ನು ಸರ್ಕಾರಗಳು ಬದಲಿಸುತ್ತಿರುತ್ತವೆ. ಮೆಕ್ಸಿಕೋ 2022ರಲ್ಲಿ ದೇಶದ ಬಹುಭಾಗದಲ್ಲಿ ಈ ಪದ್ಧತಿಯನ್ನು ಕೈಬಿಟ್ಟಿತು, ಈಜಿಪ್ಟ್ 2023ರಲ್ಲಿ ಮತ್ತೆ ತಂದಿತು.

ಹಂತ 2: ಪ್ರತಿ ಮೀಟಿಂಗ್‌ಗೂ ಆಧಾರ ಊರನ್ನು ಗೊತ್ತುಮಾಡಿ

ಇದೇ ಮುಖ್ಯ ಹಂತ, ಮತ್ತು ಬಹುತೇಕರು ಹಾರಿಸುವ ಹಂತವೂ ಇದೇ. ಪದೇಪದೇ ನಡೆಯುವ ಪ್ರತಿಯೊಂದು ಮೀಟಿಂಗ್ ಕ್ಯಾಲೆಂಡರಿನೊಳಗೆ ಯಾವುದೋ ಒಂದು ಊರಿನ ಸಮಯಕ್ಕೆ ಕಟ್ಟಿಕೊಂಡಿರುತ್ತದೆ. ಆ ಊರಿನಲ್ಲಿ ಅದು ವರ್ಷವಿಡೀ ಅದೇ ಗಂಟೆಗೆ ನಡೆಯುತ್ತದೆ. ಬೇರೆ ಊರುಗಳಲ್ಲಿ ಸರಿಯುತ್ತದೆ. ಆ ಊರನ್ನು ಇಲ್ಲಿ ಆಧಾರ ಊರು ಎಂದು ಕರೆಯುತ್ತೇನೆ. ಸಾಮಾನ್ಯವಾಗಿ ಆಹ್ವಾನ ಕಳಿಸಿದವರ ಊರೇ ಆಧಾರ ಊರಾಗಿಬಿಡುತ್ತದೆ, ಆದರೆ ಅದು ಯಾರೋ ಯೋಚಿಸಿ ಮಾಡಿದ ಆಯ್ಕೆಯಾಗಿರುವುದಿಲ್ಲ.

ನ್ಯೂಯಾರ್ಕಿನ ಮ್ಯಾನೇಜರ್ ಬೆಳಿಗ್ಗೆ 9:30ಕ್ಕೆ ಇಟ್ಟ ಮೀಟಿಂಗ್ ಬೆಂಗಳೂರಿನಲ್ಲಿ ಚಳಿಗಾಲದಲ್ಲಿ ರಾತ್ರಿ 8ಕ್ಕೆ, ಬೇಸಿಗೆಯಲ್ಲಿ ಸಂಜೆ 7ಕ್ಕೆ ಬರುತ್ತದೆ. ಅದನ್ನೇ ಬೆಂಗಳೂರಿನವರು ಚಳಿಗಾಲದಲ್ಲಿ ರಾತ್ರಿ 8ಕ್ಕೆ ಎಂದು ಇಟ್ಟಿದ್ದರೆ ನಮಗೆ ವರ್ಷವಿಡೀ 8 ಗಂಟೆಯೇ ಇರುತ್ತದೆ. ಆದರೆ ನ್ಯೂಯಾರ್ಕಿನವರಿಗೆ ಬೇಸಿಗೆಯಲ್ಲಿ ಅದು 10:30ಕ್ಕೆ ಹೋಗಿ ಅವರ ಇನ್ನೊಂದು ಮೀಟಿಂಗ್ ಮೇಲೆ ಬೀಳುತ್ತದೆ. ಎರಡೂ ಸರಿ. ಯಾವುದು ಎಂದು ತಿಳಿದಿರಬೇಕು, ಅಷ್ಟೇ.

ಸ್ಪ್ರೆಡ್‌ಶೀಟ್‌ನಲ್ಲಿ ಮೀಟಿಂಗ್‌ನ ಹೆಸರು, ಆಹ್ವಾನ ಕಳಿಸಿದವರು, ಈಗಿನ ಆಧಾರ ಊರು, ಇರಬೇಕಾದ ಆಧಾರ ಊರು, ಮತ್ತು ಭಾಗವಹಿಸುವ ಊರುಗಳ ಸಮಯ ಎಂದು ಕಾಲಂಗಳನ್ನು ಮಾಡಿ. ನನ್ನ ಅಭಿಪ್ರಾಯದಲ್ಲಿ ಗ್ರಾಹಕರು ಭಾಗವಹಿಸುವ ಮೀಟಿಂಗ್‌ಗೆ ಗ್ರಾಹಕರ ಊರೇ ಆಧಾರವಾಗಿರಬೇಕು. ಒಳಗಿನ ತಂಡದ ಮೀಟಿಂಗ್‌ಗೆ ಮಾತ್ರ, ಗಂಟೆ ಸರಿದರೆ ಯಾರಿಗೆ ಹೆಚ್ಚು ತೊಂದರೆಯೋ ಅವರ ಊರನ್ನು ಆರಿಸಬೇಕು. ರಾತ್ರಿ 8 ಗಂಟೆ 9 ಆದರೆ ಮನೆಗೆ ಹೋಗುವ ಕ್ಯಾಬ್ ತಪ್ಪುತ್ತದೆ. ಬೆಳಿಗ್ಗೆ 9:30 ಎಂಬುದು 10:30 ಆದರೆ ಕಾಫಿ ಒಂದು ಗಂಟೆ ತಡವಾಗುತ್ತದೆ. ಈ ಮಾತನ್ನು ನಮ್ಮವರು ಸಂಕೋಚದಿಂದ ಹೇಳುವುದೇ ಇಲ್ಲ. ಹೇಳಿದರೆ ಎದುರಿನವರು ಸಾಮಾನ್ಯವಾಗಿ ಒಪ್ಪುತ್ತಾರೆ.

ಪಟ್ಟಿ ಮಾಡುವಾಗ ಆಹ್ವಾನ ಕಳಿಸಿದವರು ಈಗಾಗಲೇ ಕಂಪನಿ ಬಿಟ್ಟು ಹೋಗಿರುವ ಮೀಟಿಂಗ್‌ಗಳು ಸಿಕ್ಕೇ ಸಿಗುತ್ತವೆ. ಅವುಗಳ ಸಮಯವನ್ನು ಉಳಿದವರು ಎಲ್ಲರ ಪಾಲಿಗೆ ಬದಲಿಸಲಾರರು. ಅವನ್ನು ಈಗಲೇ ನಿಲ್ಲಿಸಿ, ಇರುವವರೊಬ್ಬರ ಹೆಸರಿನಲ್ಲಿ ಹೊಸದಾಗಿ ರಚಿಸಿ.

ಹಂತ 3: ಕ್ಯಾಲೆಂಡರಿನಲ್ಲಿ ಟೈಮ್ ಝೋನ್ ಸರಿಪಡಿಸಿ

ಗೂಗಲ್ ಕ್ಯಾಲೆಂಡರಿನಲ್ಲಿ ಮೀಟಿಂಗ್ ತೆರೆದು ತಿದ್ದಲು ಹೋದಾಗ ಸಮಯದ ಪಕ್ಕದಲ್ಲಿ ಟೈಮ್ ಝೋನ್ ಎಂಬ ಕೊಂಡಿ ಕಾಣುತ್ತದೆ. ಅದನ್ನು ಒತ್ತಿದರೆ ಮೀಟಿಂಗ್ ಯಾವ ಊರಿಗೆ ಕಟ್ಟಿದೆ ಎಂಬುದು ತಿಳಿಯುತ್ತದೆ, ಅಲ್ಲೇ ಬದಲಿಸಬಹುದು. ಔಟ್‌ಲುಕ್‌ನಲ್ಲಿಯೂ ಮೀಟಿಂಗ್ ಕಿಟಕಿಯಲ್ಲಿ ಟೈಮ್ ಝೋನ್ ಆಯ್ಕೆಯನ್ನು ತೋರಿಸುವಂತೆ ಮಾಡಿಕೊಳ್ಳಬಹುದು. ಊರನ್ನು ಬದಲಿಸಿದ ನಂತರ ಗಂಟೆಯನ್ನೂ ಆ ಊರಿನ ಲೆಕ್ಕದಲ್ಲಿ ಮತ್ತೆ ನಮೂದಿಸಲು ಮರೆಯಬೇಡಿ. ರಾತ್ರಿ 8 ಎಂಬುದನ್ನು ಹಾಗೆಯೇ ಬಿಟ್ಟು ಊರನ್ನು ಮಾತ್ರ ನ್ಯೂಯಾರ್ಕ್ ಎಂದು ಮಾಡಿದರೆ ಮೀಟಿಂಗ್ ನಮ್ಮ ಬೆಳಗಿನ ಜಾವಕ್ಕೆ ಹೋಗಿ ಕೂರುತ್ತದೆ.

ಜಾಗತಿಕ ಪ್ರಮಾಣ ಸಮಯಕ್ಕೆ, ಅಂದರೆ ಯುಟಿಸಿಗೆ, ಕಟ್ಟಿದ ಮೀಟಿಂಗ್‌ಗಳನ್ನು ವಿಶೇಷವಾಗಿ ಹುಡುಕಿ. ಬೇರೆ ತಂತ್ರಾಂಶದಿಂದ ಆಮದಾದ ಮೀಟಿಂಗ್‌ಗಳು ಹೀಗೆ ಬರುವುದುಂಟು. ಯುಟಿಸಿಯಲ್ಲಿ ಬೇಸಿಗೆ ಸಮಯ ಇಲ್ಲದ ಕಾರಣ ಅವು ಯಾವ ಬದಲಾವಣೆಗೂ ಜಗ್ಗುವುದಿಲ್ಲ. ನಮಗೆ ಅದು ಸರಿಯಾಗಿಯೇ ಕಾಣುತ್ತದೆ, ಏಕೆಂದರೆ ನಮ್ಮ ಗಡಿಯಾರವೂ ಜಗ್ಗುವುದಿಲ್ಲ. ಪೆಟ್ಟು ಬೀಳುವುದು ಲಂಡನ್ ಮತ್ತು ನ್ಯೂಯಾರ್ಕಿನವರಿಗೆ.

ಬದಲಾವಣೆಯನ್ನು ಉಳಿಸುವಾಗ ಗೂಗಲ್ ಕೇಳುವ ಪ್ರಶ್ನೆಗೆ, ಈ ಮೀಟಿಂಗ್ ಮತ್ತು ಮುಂದಿನವುಗಳಿಗೆ ಮಾತ್ರ ಎಂಬ ಉತ್ತರ ಕೊಡಿ. ಎಲ್ಲದಕ್ಕೂ ಎಂದರೆ ಹಳೆಯ ದಾಖಲೆಯೂ ಬದಲಾಗುತ್ತದೆ. ಔಟ್‌ಲುಕ್‌ನಲ್ಲಿ ಇಡೀ ಸರಣಿಯ ಸಮಯವನ್ನು ಬದಲಿಸಿದರೆ, ನೀವು ಹಿಂದೆ ಒಂದೊಂದಾಗಿ ಸರಿಸಿದ್ದ ಅಥವಾ ರದ್ದು ಮಾಡಿದ್ದ ದಿನಗಳ ತಿದ್ದುಪಡಿಗಳು ಅಳಿಸಿಹೋಗಬಹುದು. ಹಬ್ಬದ ದಿನ ರದ್ದಾಗಿದ್ದ ಮೀಟಿಂಗ್ ಮತ್ತೆ ಎದ್ದು ಕೂರುವುದು ಹೀಗೆಯೇ. ಆದ್ದರಿಂದ ರಜೆಗಳ ಕೆಲಸವನ್ನು ಈ ಹಂತದ ನಂತರ ಇಟ್ಟಿದ್ದೇನೆ. ಡಿಸೆಂಬರ್‌ನಲ್ಲಿ ರಜೆ ನಮೂದಿಸಿ ಮಾರ್ಚ್‌ನಲ್ಲಿ ಸರಣಿ ತಿದ್ದಿದವರು ರದ್ದತಿಗಳನ್ನು ಇನ್ನೊಮ್ಮೆ ಪರಿಶೀಲಿಸಲೇಬೇಕು.

ಇನ್ನು ಎಚ್ಚರಿಕೆ. ಆಧಾರ ಊರು ಸರಿಯಾಗಿದ್ದರೆ ಗಡಿಯಾರ ಬದಲಾದ ದಿನ ನೀವು ಏನನ್ನೂ ಕೈಯಿಂದ ಸರಿಸಬಾರದು. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಚೇರಿಯೊಂದರಲ್ಲಿ ಇದೇ ತಪ್ಪನ್ನು ನಾನೇ ಮಾಡಿದೆ. ಅಮೆರಿಕದಲ್ಲಿ ಸಮಯ ಬದಲಾಗಿದೆ ಎಂದು ಭಾನುವಾರ ರಾತ್ರಿ ನೆನಪಾಗಿ, ತಂಡಕ್ಕೆ ಉಪಕಾರ ಮಾಡುವ ಉತ್ಸಾಹದಲ್ಲಿ ಎಲ್ಲ ಮೀಟಿಂಗ್‌ಗಳನ್ನೂ ಒಂದು ಗಂಟೆ ಮೊದಲಿಗೆ ತಂದೆ. ಕ್ಯಾಲೆಂಡರ್ ಅವನ್ನು ಅದಾಗಲೇ ತಂದಿತ್ತು. ಸೋಮವಾರ ಸಂಜೆ ಬೆಂಗಳೂರಿನ ತಂಡ ಖಾಲಿ ಕಾಲ್‌ನಲ್ಲಿ ಕಾದು ಕುಳಿತಿತು.

ಹಂತ 4: ನಡುವಿನ ವಾರಗಳನ್ನು ಪ್ರತ್ಯೇಕವಾಗಿ ನೋಡಿ

ಎರಡು ಊರುಗಳ ಮೀಟಿಂಗ್ ಆಗಿದ್ದರೆ ಮೂರನೆಯ ಹಂತಕ್ಕೇ ಕೆಲಸ ಮುಗಿಯಿತು. ಮೂರು ಊರುಗಳಿದ್ದರೆ ಮುಗಿಯುವುದಿಲ್ಲ. ಅಮೆರಿಕ ಮತ್ತು ಯುರೋಪ್‌ಗಳಲ್ಲಿ ಒಂದು ಕಡೆ ಗಡಿಯಾರ ಬದಲಾಗಿ ಇನ್ನೊಂದು ಕಡೆ ಇನ್ನೂ ಬದಲಾಗದ ವಾರಗಳಲ್ಲಿ ಲಂಡನ್ ಮತ್ತು ನ್ಯೂಯಾರ್ಕ್ ನಡುವಿನ ಅಂತರ 5 ಗಂಟೆಯ ಬದಲು 4 ಗಂಟೆ ಆಗಿರುತ್ತದೆ. 2026ರಲ್ಲಿ ಮಾರ್ಚ್ 9ರಿಂದ 27ರವರೆಗಿನ ಮೂರು ಕೆಲಸದ ವಾರಗಳು, ಅಕ್ಟೋಬರ್ 26ರಿಂದ 30ರವರೆಗಿನ ಒಂದು ವಾರ ಹೀಗೆ ಬರುತ್ತವೆ.

ಉದಾಹರಣೆಗೆ, ಲಂಡನ್ ಮಧ್ಯಾಹ್ನ 2, ನ್ಯೂಯಾರ್ಕ್ ಬೆಳಿಗ್ಗೆ 9 ಎಂದು ಹೊಂದಿಸಿದ ಮೀಟಿಂಗ್ ತೆಗೆದುಕೊಳ್ಳಿ. ನಮಗೆ ಅದು ಚಳಿಗಾಲದಲ್ಲಿ ಸಂಜೆ 7:30, ಬೇಸಿಗೆಯಲ್ಲಿ 6:30. ಆಧಾರ ಊರು ಲಂಡನ್ ಆಗಿದ್ದರೆ ನಡುವಿನ ವಾರಗಳಲ್ಲಿ ನಮಗೆ 7:30, ನ್ಯೂಯಾರ್ಕಿಗೆ 10. ಆಧಾರ ಊರು ನ್ಯೂಯಾರ್ಕ್ ಆಗಿದ್ದರೆ ನಮಗೆ 6:30, ಲಂಡನ್ನಿನವರಿಗೆ ಮಧ್ಯಾಹ್ನ 1, ಅಂದರೆ ಊಟದ ಹೊತ್ತು. ಎಲ್ಲರಿಗೂ ಮೊದಲಿನಂತೆಯೇ ಇರುವ ಸಮಯ ಆ ವಾರಗಳಲ್ಲಿ ಇರುವುದೇ ಇಲ್ಲ. ಹುಡುಕುತ್ತಾ ಕೂರುವುದು ವ್ಯರ್ಥ. ಆ ವಾರಗಳ ಮಟ್ಟಿಗೆ ಯಾರು ಹೊಂದಿಕೊಳ್ಳುತ್ತಾರೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ವಸಂತದಲ್ಲಿ ಒಂದು ಊರು ಹೊಂದಿಕೊಂಡರೆ ಶರತ್ಕಾಲದಲ್ಲಿ ಇನ್ನೊಂದು ಊರಿನ ಸರದಿ ಎಂದು ಮಾಡಿಕೊಂಡ ತಂಡಗಳಲ್ಲಿ ಜಗಳ ಕಡಿಮೆ.

ಈ ವಾರಗಳ ದಿನಗಳನ್ನು ಒಂದೊಂದಾಗಿ ಸರಿಸಬೇಕಾದರೆ ಆ ದಿನಕ್ಕೆ ಮಾತ್ರ ಎಂಬ ಆಯ್ಕೆ ಬಳಸಿ. ಮೀಟಿಂಗ್‌ನ ವಿವರಣೆಯಲ್ಲಿ ಯಾವ ದಿನಾಂಕದವರೆಗೆ ಈ ಸಮಯ ಎಂದು ಸಾಲೊಂದನ್ನು ಸೇರಿಸಿ.

ಹಂತ 5: ರಜೆಗಳನ್ನು ಊರುವಾರು ನಮೂದಿಸಿ

ಎಲ್ಲ ಶಾಖೆಗಳ ರಜೆಗಳನ್ನೂ ಒಂದೇ ಕ್ಯಾಲೆಂಡರಿಗೆ ಸುರಿಯುವುದು ಸಾಮಾನ್ಯವಾದ ತಪ್ಪು. ಪ್ರತಿ ಊರಿಗೂ ಒಂದು ಪ್ರತ್ಯೇಕ ರಜಾ ಕ್ಯಾಲೆಂಡರ್ ಮಾಡಿ, ಹೆಸರಿನಲ್ಲಿಯೇ ಊರು ಮತ್ತು ವರ್ಷ ಇರಲಿ. ದೇಶದ ಮಟ್ಟದ ಕ್ಯಾಲೆಂಡರ್ ಸಾಕಾಗುವುದಿಲ್ಲ. ನವೆಂಬರ್ 1ರ ರಾಜ್ಯೋತ್ಸವ ಬೆಂಗಳೂರಿಗೆ, ಮೈಸೂರಿಗೆ, ಹುಬ್ಬಳ್ಳಿಗೆ ರಜೆ, ಹೈದರಾಬಾದ್ ಶಾಖೆಗೆ ಅಲ್ಲ; ಜೂನ್ 2 ತೆಲಂಗಾಣಕ್ಕೆ ರಾಜ್ಯ ಸ್ಥಾಪನಾ ದಿನ, ನಮಗೆ ಮಾಮೂಲು ದಿನ. ಬ್ರಿಟನ್ನಿನೊಳಗೂ ಇದೇ ಕಥೆ: ಬೇಸಿಗೆಯ ಬ್ಯಾಂಕ್ ರಜೆ ಇಂಗ್ಲೆಂಡಿನಲ್ಲಿ ಆಗಸ್ಟ್‌ನ ಕೊನೆಯ ಸೋಮವಾರ, ಸ್ಕಾಟ್ಲೆಂಡಿನಲ್ಲಿ ಮೊದಲ ಸೋಮವಾರ.

ಗೂಗಲ್ ಮತ್ತು ಔಟ್‌ಲುಕ್ ತಾವಾಗಿಯೇ ಕೊಡುವ ಭಾರತದ ರಜಾ ಪಟ್ಟಿಯನ್ನು ಆಧಾರವಾಗಿ ಇಟ್ಟುಕೊಳ್ಳಬೇಡಿ. ಅದರಲ್ಲಿ ನಿಮ್ಮ ಕಂಪನಿ ರಜೆ ಕೊಡದ ಆಚರಣೆಗಳೂ ಇರುತ್ತವೆ, ಕೊಡುವ ಕೆಲವು ಇರುವುದಿಲ್ಲ. ಕರ್ನಾಟಕದಲ್ಲಿ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಇವು ದಿನಾಂಕ ಬದಲಾಗದವು. ಮೊದಲು ಇವನ್ನು ಹಾಕಿ. ನಂತರ ಮಾನವ ಸಂಪನ್ಮೂಲ ವಿಭಾಗದ ಪಟ್ಟಿಯಲ್ಲಿರುವ ಹಬ್ಬಗಳನ್ನು ಹಾಕಿ. ರಂಜಾನ್, ಬಕ್ರೀದ್‌ನಂತೆ ಚಂದ್ರದರ್ಶನವನ್ನು ಅವಲಂಬಿಸಿದ ರಜೆಗಳ ಶೀರ್ಷಿಕೆಯಲ್ಲಿ ‘ತಾತ್ಕಾಲಿಕ’ ಎಂದು ಸೇರಿಸಿ, ಆ ದಿನ ಮತ್ತು ಮರುದಿನ ಎರಡರಲ್ಲೂ ಮುಖ್ಯ ಮೀಟಿಂಗ್ ಇಡದಂತೆ ನೋಡಿಕೊಳ್ಳಿ. ನೌಕರರು ತಮಗೆ ಬೇಕಾದ್ದನ್ನು ಆರಿಸಿಕೊಳ್ಳುವ ಐಚ್ಛಿಕ ರಜೆಗಳು ಈ ಕ್ಯಾಲೆಂಡರಿಗೆ ಬರಬಾರದು; ಅವು ಅವರವರ ಸ್ವಂತ ಕ್ಯಾಲೆಂಡರಿಗೆ ಸೇರಿದವು.

ರಜೆ ವಾರಾಂತ್ಯದಲ್ಲಿ ಬಂದಾಗ ದೇಶಗಳ ರೀತಿ ಬೇರೆ. 2026ರ ಜುಲೈ 4 ಶನಿವಾರ ಬರುವುದರಿಂದ ಅಮೆರಿಕದ ಕೇಂದ್ರ ಸರ್ಕಾರಿ ಕಚೇರಿಗಳಿಗೆ ಜುಲೈ 3ರ ಶುಕ್ರವಾರ ರಜೆ. ಅದೇ ವರ್ಷ ಡಿಸೆಂಬರ್ 26 ಶನಿವಾರ ಬರುವುದರಿಂದ ಬ್ರಿಟನ್ನಿನಲ್ಲಿ 28ರ ಸೋಮವಾರ ಬದಲಿ ರಜೆ. ನಮ್ಮಲ್ಲಿ ರಾಜ್ಯೋತ್ಸವ 2026ರಲ್ಲಿ ಭಾನುವಾರವೇ ಬರುತ್ತದೆ, ಮತ್ತು ಅಂದೇ ಅಮೆರಿಕದ ಗಡಿಯಾರವೂ ಬದಲಾಗುತ್ತದೆ. ಮರುದಿನ ಸೋಮವಾರ ಕಚೇರಿ ಇದೆಯೇ ಎಂಬ ಪ್ರಶ್ನೆಯೂ, ಕಾಲ್ ಎಷ್ಟು ಗಂಟೆಗೆ ಎಂಬ ಪ್ರಶ್ನೆಯೂ ಒಂದೇ ದಿನ ಬರುವುದರಿಂದ ಆ ವಾರದ ಸೂಚನೆಯನ್ನು ಅಕ್ಟೋಬರ್ ಮಧ್ಯದಲ್ಲಿಯೇ ಕಳಿಸಿಬಿಡಿ. 2026ರ ಯುಗಾದಿಯೂ ಮಾರ್ಚ್ 19ರಂದು, ಹಿಂದಿನ ಹಂತದಲ್ಲಿ ಹೇಳಿದ ಮೂರು ವಾರಗಳ ನಡುವೆಯೇ ಬರುತ್ತದೆ.

ನಮೂದಿಸುವಾಗ ಮೂರು ತಾಂತ್ರಿಕ ಸಂಗತಿಗಳು ಕೈಕೊಡುತ್ತವೆ. ದಿನಪೂರ್ತಿ ಘಟನೆಗಳು ಸಾಮಾನ್ಯವಾಗಿ ‘ಬಿಡುವು’ ಎಂದೇ ದಾಖಲಾಗುತ್ತವೆ. ಆದ್ದರಿಂದ ದೀಪಾವಳಿ ಎಂದು ದೊಡ್ಡದಾಗಿ ಬರೆದಿದ್ದರೂ ಎದುರಿನವರಿಗೆ ನೀವು ಖಾಲಿ ಇರುವಂತೆ ಕಾಣುತ್ತದೆ. ಹಂಚಿಕೆಯ ಕ್ಯಾಲೆಂಡರಿನ ರಜೆಯು ವೈಯಕ್ತಿಕವಾಗಿ ಯಾರ ಸಮಯವನ್ನೂ ತಡೆಯುವುದಿಲ್ಲ, ಪ್ರತಿಯೊಬ್ಬರೂ ತಮ್ಮ ಕ್ಯಾಲೆಂಡರಿನಲ್ಲಿ ‘ಔಟ್ ಆಫ್ ಆಫೀಸ್’ ಹಾಕಲೇಬೇಕು. ಎರಡನೆಯದು, ಹಳೆಯ ಡೆಸ್ಕ್‌ಟಾಪ್ ಔಟ್‌ಲುಕ್ ದಿನಪೂರ್ತಿ ಘಟನೆಯನ್ನು ರಚಿಸಿದವರ ಊರಿನ ಮಧ್ಯರಾತ್ರಿಯಿಂದ ಮಧ್ಯರಾತ್ರಿಯವರೆಗೆ ಎಂದು ಲೆಕ್ಕ ಹಿಡಿಯುವುದರಿಂದ, ಅದು ಬೇರೆ ಊರಿನವರ ಪರದೆಯಲ್ಲಿ ಎರಡು ದಿನಗಳಿಗೆ ಚಾಚಿಕೊಂಡಂತೆ ಕಾಣಬಹುದು. ಮೂರನೆಯದು, ಐಸಿಎಸ್ ಕಡತ (ಕ್ಯಾಲೆಂಡರಿನ ಘಟನೆಗಳನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಒಯ್ಯುವ ಕಡತ) ತಯಾರಿಸಿ ಆಮದು ಮಾಡುವವರು ಅಂತ್ಯದ ದಿನಾಂಕವಾಗಿ ರಜೆಯ ಮರುದಿನವನ್ನು ಕೊಡಬೇಕು, ಏಕೆಂದರೆ ಆ ವಿಧಾನದಲ್ಲಿ ಅಂತ್ಯದ ದಿನ ಲೆಕ್ಕಕ್ಕೆ ಸೇರುವುದಿಲ್ಲ. ಎರಡು ದಿನದ ಹಬ್ಬ ಒಂದೇ ದಿನವಾಗುವುದು ಇಲ್ಲಿಯೇ.

ರಾತ್ರಿ ಪಾಳಿಯವರಿಗೆ ಇನ್ನೂ ಒಂದು ಲೆಕ್ಕವಿದೆ. 2026ರ ನವೆಂಬರ್ 26ರ ಗುರುವಾರ ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್. ಕ್ಯಾಲಿಫೋರ್ನಿಯಾದ ಆ ಗುರುವಾರ ನಮಗೆ ಗುರುವಾರ ಮಧ್ಯಾಹ್ನ 1:30ರಿಂದ ಶುಕ್ರವಾರ ಮಧ್ಯಾಹ್ನ 1:30ರವರೆಗೆ ಇರುತ್ತದೆ. ಗುರುವಾರ ರಾತ್ರಿ ಆರಂಭವಾಗುವ ಪಾಳಿಗೆ ರಜೆಯೋ, ಬುಧವಾರ ರಾತ್ರಿಯದಕ್ಕೋ ಎಂಬುದನ್ನು ರಜೆಯ ಶೀರ್ಷಿಕೆಯಲ್ಲಿಯೇ ಬರೆಯಿರಿ.

ಹಂತ 6: ಕ್ಯಾಲೆಂಡರಿಗೆ ಜೋಡಿಸದ ವ್ಯವಸ್ಥೆಗಳು

ಕ್ಯಾಬ್ ರೋಸ್ಟರ್, ಕ್ಯಾಂಟೀನಿನ ರಾತ್ರಿ ಊಟ, ಬೇರೆ ತಂತ್ರಾಂಶದಲ್ಲಿ ಕಾದಿರಿಸಿದ ಮೀಟಿಂಗ್ ರೂಮ್ ಇವು ತಾವಾಗಿ ಸರಿಯುವುದಿಲ್ಲ. ಸಾರಿಗೆ ವಿಭಾಗಕ್ಕೆ ಕನಿಷ್ಠ ಒಂದು ವಾರ ಮೊದಲು ಹೊಸ ಪಾಳಿ ಸಮಯ ತಿಳಿಸಿ.

ಹಂತ 7: ಸೂಚನೆ ಬರೆಯುವುದು ಮತ್ತು ಪರೀಕ್ಷಿಸುವುದು

ಸೂಚನೆಯಲ್ಲಿ ‘ಮುಂದಕ್ಕೆ’, ‘ಹಿಂದಕ್ಕೆ’ ಎಂಬ ಪದಗಳನ್ನು ಬಳಸಲೇಬೇಡಿ. ಕನ್ನಡದಲ್ಲಿ ಮೀಟಿಂಗ್ ಮುಂದಕ್ಕೆ ಹೋಯಿತು ಎಂದರೆ ತಡವಾಯಿತು ಎಂದರ್ಥ. ಆದರೆ ಅಮೆರಿಕದ ಗಡಿಯಾರ ಮುಂದಕ್ಕೆ ಹೋದಾಗ ನಮ್ಮ ಮೀಟಿಂಗ್ ಒಂದು ಗಂಟೆ ಬೇಗ ಬರುತ್ತದೆ. ಈ ಒಂದು ಪದದಿಂದ ಅರ್ಧ ತಂಡ ತಪ್ಪು ಹೊತ್ತಿಗೆ ಬಂದದ್ದನ್ನು ಕಂಡಿದ್ದೇನೆ. ‘ಇಲ್ಲಿಯವರೆಗೆ ರಾತ್ರಿ 8ಕ್ಕೆ, ಮಾರ್ಚ್ 9ರಿಂದ ಸಂಜೆ 7ಕ್ಕೆ, ಬೆಂಗಳೂರು ಸಮಯ’ ಎಂದು ನೇರವಾಗಿ ಬರೆಯಿರಿ. ಸಂಕ್ಷೇಪಗಳೂ ಬೇಡ. ಐಎಸ್‌ಟಿ ಎಂದರೆ ನಮಗೆ ಭಾರತ, ಡಬ್ಲಿನ್‌ನವರಿಗೆ ಐರ್ಲೆಂಡಿನ ಬೇಸಿಗೆ ಸಮಯ. ಇಎಸ್‌ಟಿ ಎಂಬುದು ನ್ಯೂಯಾರ್ಕಿನ ಚಳಿಗಾಲದ ಸಮಯ ಮಾತ್ರ. ಜುಲೈನಲ್ಲಿಯೂ ಹಾಗೆಂದೇ ಬರೆಯುವವರ ಮಾತನ್ನು ಅಕ್ಷರಶಃ ತೆಗೆದುಕೊಂಡರೆ ಒಂದು ಗಂಟೆ ತಪ್ಪುತ್ತದೆ.

ಪರೀಕ್ಷೆಗೆ, ಬದಲಾವಣೆಯ ಹಿಂದಿನ ವಾರ, ಬದಲಾವಣೆಯ ವಾರ, ನಡುವಿನ ವಾರ, ನಂತರದ ವಾರ ಹೀಗೆ ನಾಲ್ಕು ವಾರಗಳನ್ನು ತೆರೆದು ನೋಡಿ. ನಿಮ್ಮ ಪರದೆಯಲ್ಲಿ ಎರಡನೆಯ ಟೈಮ್ ಝೋನ್ ಕಾಣುವಂತೆ ಸೆಟ್ಟಿಂಗ್ಸ್‌ನಲ್ಲಿ ಮಾಡಿಕೊಂಡರೆ ಕೆಲಸ ಹಗುರ. ಆದರೂ ಆಯಾ ಊರಿನ ಸಹೋದ್ಯೋಗಿಯಿಂದ ಅವರ ಪರದೆಯ ಚಿತ್ರವನ್ನು ತರಿಸಿ ಸ್ಪ್ರೆಡ್‌ಶೀಟ್ ಜೊತೆ ಹೋಲಿಸದೇ ಬಿಡಬೇಡಿ.

ಗಮನಿಸಬೇಕಾದ ಅಪಾಯ ಸೂಚನೆಗಳು

ಟೈಮ್ ಝೋನ್ ಜಾಗದಲ್ಲಿ ಊರಿನ ಹೆಸರಿಲ್ಲದೆ ಬರೀ ಗಂಟೆಯ ವ್ಯತ್ಯಾಸ ಇದ್ದರೆ ಆ ಮೀಟಿಂಗ್ ಬೇಸಿಗೆ ಸಮಯವನ್ನು ಅನುಸರಿಸುವುದಿಲ್ಲ ಎಂದು ಶಂಕಿಸಿ. ಒಂದೇ ಹಬ್ಬ ಎರಡು ಸಲ ಕಂಡರೆ ಯಾರೋ ರಜಾ ಪಟ್ಟಿಯನ್ನು ಎರಡನೆಯ ಬಾರಿ ಆಮದು ಮಾಡಿದ್ದಾರೆ. ಫೋನಿನಲ್ಲಿ ಒಂದು ಸಮಯ, ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಕಂಡರೆ ಎರಡರಲ್ಲಿ ಒಂದರ ಟೈಮ್ ಝೋನ್ ಬೇರೆ ಇದೆ. ಪ್ರವಾಸದಿಂದ ಬಂದವರಲ್ಲಿ ಇದು ಹೆಚ್ಚು. ಮೀಟಿಂಗ್ ರೂಮ್ ಇದ್ದಕ್ಕಿದ್ದಂತೆ ಆಹ್ವಾನವನ್ನು ನಿರಾಕರಿಸಿದರೆ ಸರಿದ ಮೀಟಿಂಗ್ ಇನ್ನೊಂದರ ಮೇಲೆ ಬಿದ್ದಿದೆ.

ಸೋಮವಾರವೇ ಗೊಂದಲ ಕಂಡುಬಂದರೆ

ತಕ್ಷಣ ಏನನ್ನೂ ಸರಿಸಬೇಡಿ, ಇತರರೂ ಸರಿಸದಂತೆ ಗುಂಪಿಗೆ ಒಂದು ಸಂದೇಶ ಹಾಕಿ. ಆ ದಿನದ ಮೀಟಿಂಗ್‌ನ ಸಮಯವನ್ನು ಎಲ್ಲ ಊರುಗಳ ಲೆಕ್ಕದಲ್ಲಿ ಅದೇ ಸಂದೇಶದಲ್ಲಿ ಬರೆದು, ಆ ದಿನವನ್ನು ಕ್ಯಾಲೆಂಡರಿನ ಹೊರಗೇ ದಾಟಿಸಿ. ಆಮೇಲೆ ಮೀಟಿಂಗ್ ತೆರೆದು ಆಧಾರ ಊರು ಯಾವುದೆಂದು ನೋಡಿ, ಭಾನುವಾರದಿಂದ ಈಚೆಗೆ ಯಾರಾದರೂ ಕೈಯಿಂದ ಬದಲಿಸಿದ್ದಾರೆಯೇ ಎಂದು ಕೇಳಿ. ಬದಲಿಸಿದ್ದರೆ ಅವರೇ ಅದನ್ನು ಹಿಂದಿನ ಸ್ಥಿತಿಗೆ ತರಬೇಕು. ಅವರ ತಿದ್ದುಪಡಿಯ ಮೇಲೆ ನಿಮ್ಮದೊಂದು ತಿದ್ದುಪಡಿ ಸೇರಿಸಬೇಡಿ. ಯಾರೂ ಬದಲಿಸಿಲ್ಲ ಎಂದಾದರೆ ಎರಡನೆಯ ಹಂತಕ್ಕೆ ಹೋಗಿ, ಆಹ್ವಾನ ಕಳಿಸಿದವರ ಜೊತೆ ಆಧಾರ ಊರನ್ನು ತೀರ್ಮಾನಿಸಿ, ಮಂಗಳವಾರದ ಮೀಟಿಂಗ್‌ನಿಂದ ಮುಂದಿನವುಗಳಿಗೆ ಮಾತ್ರ ಅನ್ವಯಿಸುವಂತೆ ಉಳಿಸಿ.